ಊಹೆ ಮೊದಲು, ಪ್ರಯೋಗ ಆಮೇಲೆ: ವಿಜ್ಞಾನದ ಪಿರಿಯಡ್‌ನಲ್ಲಿ ಮಕ್ಕಳ ಕೈಗೆ ಕೆಲಸ

ನಾನು ಮೇಷ್ಟ್ರಾಗಿ ಸೇರಿದ ಮೊದಲ ಶಾಲೆಯಲ್ಲಿ ಒಂದು ವಿಜ್ಞಾನದ ಬೀರು ಇತ್ತು. ಬೀಗದ ಕೈ ಹೆಡ್‌ಮಾಸ್ಟರ್ ಡ್ರಾಯರ್‌ನಲ್ಲಿ. ಒಳಗೆ ಬೀಕರು, ಪ್ರನಾಳ, ಒಂದು ಮಸೂರ, ಕೈಕಾಲು ಬಿಚ್ಚಿಹೋದ ಅಸ್ಥಿಪಂಜರ. ಒಂದು ಪ್ರನಾಳ ಒಡೆದರೂ ಸ್ಟಾಕ್ ರಿಜಿಸ್ಟರ್‌ನಲ್ಲಿ ಬರೆದು ಸಹಿ ಹಾಕಬೇಕು. ಯಾರಿಗೆ ಬೇಕು ಆ ರಗಳೆ? ಇನ್‌ಸ್ಪೆಕ್ಷನ್ ದಿನ ಧೂಳು ಒರೆಸಿ ಮೇಜಿನ ಮೇಲೆ ಜೋಡಿಸುತ್ತಿದ್ದೆವು, ಸಂಜೆ ಮತ್ತೆ ಒಳಗಿಡುತ್ತಿದ್ದೆವು.

ಕೊನೆಗೆ ನಾನು ಬೀರುವಿನ ಆಸೆ ಬಿಟ್ಟೆ. ಅಡುಗೆಮನೆ, ಗುಜರಿ ಅಂಗಡಿ, ಮೆಡಿಕಲ್ ಶಾಪ್, ಶಾಲೆಯ ಅಂಗಳ, ಈ ನಾಲ್ಕು ಕಡೆ ಸಿಗುವುದರಲ್ಲೇ ವರ್ಷವಿಡೀ ನಡೆಸಬಹುದು ಅಂತ ಗೊತ್ತಾಯಿತು. ಆರರಿಂದ ಹತ್ತನೇ ಕ್ಲಾಸಿನವರೆಗೆ ಮಾಡಿಸಿ ನೋಡಿದ ಕೆಲವು ಚಟುವಟಿಕೆಗಳನ್ನು, ಎಲ್ಲಿ ಎಡವುತ್ತೇವೆ ಅನ್ನುವುದನ್ನೂ ಸೇರಿಸಿ, ಇಲ್ಲಿ ಬರೆದಿದ್ದೇನೆ.

ಸಾಮಾನು: ಒಂದು ರಟ್ಟಿನ ಡಬ್ಬ ಸಾಕು

ಸೂಜಿ ಇಲ್ಲದ 10 ಎಂಎಲ್ ಸಿರಿಂಜು ಎಂಟು. ಹೊಲಿಗೆ ದಾರದ ಉಂಡೆ. ಒಂದೇ ಅಳತೆಯ ನಟ್ಟುಗಳು ಒಂದು ಹಿಡಿ. ಎಲ್‌ಇಡಿ ಬಲ್ಬು, ಟಾರ್ಚ್ ಸೆಲ್ಲು, ಸ್ಟ್ರಾ, ಬಲೂನು, ಮೇಣದಬತ್ತಿ, ಒಂದು ಪೊಟ್ಟಣ ಅರಿಶಿನ, ಎಲೆ-ಅಡಿಕೆ ಅಂಗಡಿಯ ಸುಣ್ಣ. ಹಾಳಾದ ರೇಡಿಯೊ, ಸ್ಪೀಕರ್ ಸಿಕ್ಕರೆ ಅದರೊಳಗಿನ ಅಯಸ್ಕಾಂತ. ಪಾರದರ್ಶಕ ಲೋಟ, ಬಾಟಲಿ ಮಕ್ಕಳೇ ತರುತ್ತಾರೆ. ಬೇಡ ಅಂದರೂ ತರುತ್ತಾರೆ.

ಒಂದು ಗುಟ್ಟು ಹೇಳುತ್ತೇನೆ. ಎಲ್ಲವನ್ನೂ ಒಂದೇ ಡಬ್ಬದಲ್ಲಿ ಸುರಿದಿಟ್ಟರೆ ಪಿರಿಯಡ್‌ನ ಹತ್ತು ನಿಮಿಷ ಹುಡುಕುವುದರಲ್ಲೇ ಹೋಗುತ್ತದೆ. ಎಂಟು ಕವರ್ ಮಾಡಿ, ಮೇಲೆ 1ರಿಂದ 8 ಬರೆಯಿರಿ. ಒಂದು ಕವರ್ ಒಂದು ಗುಂಪಿಗೆ. ವಾಪಸ್ ಕೊಡುವಾಗ ಆ ಗುಂಪಿನವರೇ ಎಣಿಸಿ ಕೊಡಬೇಕು.

ಇನ್ನೊಂದು ಮಾತು. ಹಿಂದಿನ ದಿನ ಸಂಜೆ ಮನೆಯಲ್ಲಿ ಒಂದು ಸಲ ಮಾಡಿ ನೋಡದೆ ಯಾವ ಪ್ರಯೋಗವನ್ನೂ ಕ್ಲಾಸಿಗೆ ತರಬೇಡಿ. ಪುಸ್ತಕದಲ್ಲಿ ಎರಡು ಸಾಲಿನಲ್ಲಿ ಮುಗಿಯುವುದು ಕೈಯಲ್ಲಿ ಹಾಗೆ ಮುಗಿಯುವುದಿಲ್ಲ. ನಿಂಬೆಹಣ್ಣಿಗೆ ತಾಮ್ರದ ತಂತಿ, ತಗಡಿನ ಮೊಳೆ ಚುಚ್ಚಿ ಎಲ್‌ಇಡಿ ಹೊತ್ತಿಸುತ್ತೇನೆ ಅಂತ ಹೊರಟು ನಾನು ಪೆಚ್ಚಾಗಿದ್ದೇನೆ. ಒಂದು ನಿಂಬೆಹಣ್ಣು ಕೊಡುವುದು ಒಂದು ವೋಲ್ಟಿಗೂ ಕಡಿಮೆ. ಕೆಂಪು ಎಲ್‌ಇಡಿಗೂ ಮೂರ್ನಾಲ್ಕು ಹಣ್ಣು ಸಾಲಾಗಿ ಜೋಡಿಸಬೇಕು. ಮೊಳೆಗೆ ಸತುವಿನ ಲೇಪ ಇರಬೇಕು. ಎಲ್‌ಇಡಿಯ ಕಾಲು ತಿರುಗುಮುರುಗಾದರೆ ಏನೂ ಆಗುವುದಿಲ್ಲ. ಹೊತ್ತಿದರೂ ಮಂಕು, ಕಿಟಕಿ ಮುಚ್ಚಿದರೆ ಮಾತ್ರ ಕಾಣುತ್ತದೆ.

ಊಹೆಯನ್ನು ಪೆನ್ನಲ್ಲಿ ಬರೆಸಿ

ಚಟುವಟಿಕೆ ಯಾವುದೇ ಇರಲಿ, ನನ್ನ ಕ್ಲಾಸಿನ ಕ್ರಮ ಒಂದೇ. ಸಾಮಾನು ತೋರಿಸುತ್ತೇನೆ. ಏನು ಮಾಡುತ್ತೇವೆ ಅಂತ ಹೇಳುತ್ತೇನೆ. ಆಮೇಲೆ ಕೇಳುತ್ತೇನೆ: ಏನಾಗಬಹುದು? ಪ್ರತಿಯೊಬ್ಬರೂ ನೋಟ್‌ಬುಕ್‌ನಲ್ಲಿ ಒಂದು ಸಾಲು ಬರೆಯಬೇಕು. ಪೆನ್ನಿನಲ್ಲೇ. ಪೆನ್ಸಿಲ್ ಆದರೆ ಪ್ರಯೋಗ ಮುಗಿದ ಮೇಲೆ ರಬ್ಬರ್ ಹೊರಗೆ ಬರುತ್ತದೆ, ಎಲ್ಲರ ಊಹೆಯೂ ಸರಿಯಾಗಿಬಿಡುತ್ತದೆ!

ಬರೆಯುವ ಮೊದಲು ಕೈ ಎತ್ತಿಸಬೇಡಿ. ಎತ್ತಿಸಿದರೆ ಮೊದಲ ಬೆಂಚಿನ ಜಾಣ ಮಗು ಎತ್ತ, ಉಳಿದವರೆಲ್ಲ ಅತ್ತ. ಬರೆದ ಮೇಲೆ ಎಣಿಸಿ, ಬೋರ್ಡಿನ ಮೇಲೆ ಲೆಕ್ಕ ಹಾಕಿ. ಭಾರದ್ದು ಬೇಗ ಓಡುತ್ತೆ ಅನ್ನುವವರು 23, ಹಗುರದ್ದು ಬೇಗ ಅನ್ನುವವರು 9, ಎರಡೂ ಒಂದೇ ಅನ್ನುವವರು 8, ಹೀಗೆ. ಈ ಹೊತ್ತಿನಲ್ಲಿ ನಿಮ್ಮ ಮುಖ ಇಸ್ಪೀಟು ಆಡುವವರ ಮುಖದ ಹಾಗಿರಬೇಕು. ‘ಗುಡ್’ ಅನ್ನಬೇಡಿ, ಹುಬ್ಬನ್ನೂ ಏರಿಸಬೇಡಿ. ಮಕ್ಕಳು ಪಾಠಕ್ಕಿಂತ ಮೇಷ್ಟ್ರ ಮುಖವನ್ನೇ ಜಾಸ್ತಿ ಓದುತ್ತಾರೆ.

ಇಷ್ಟು ಯಾಕೆ ಅಂದರೆ, ಊಹೆ ಬರೆಯದೆ ನೋಡಿದ ಪ್ರಯೋಗ ಜಾದೂ ನೋಡಿದ ಹಾಗೆ. ಚಪ್ಪಾಳೆ ಹೊಡೆದು ಮರೆತುಬಿಡುತ್ತಾರೆ. ಬರೆದ ಮೇಲೆ ಮಾತ್ರ ಅದು ಅವರ ಸ್ವಂತ ಜಗಳ ಆಗುತ್ತದೆ.

ಪ್ರಯೋಗ ಆದ ಮೇಲೆ ಇನ್ನೆರಡು ಸಾಲು ಬರೆಯಬೇಕು: ಕಂಡದ್ದೇನು, ಯಾಕೆ ಹಾಗಾಯಿತು. ಒಟ್ಟು ಮೂರು ಸಾಲು, ಅಷ್ಟೇ. ‘ಉದ್ದೇಶ, ಬೇಕಾಗುವ ಸಾಮಗ್ರಿಗಳು, ವಿಧಾನ’ ಅಂತ ಬೋರ್ಡಿನಿಂದ ಕಾಪಿ ಹೊಡೆಸುವುದರಲ್ಲಿ ಅರ್ಧ ಪಿರಿಯಡ್ ಕಳೆಯುವುದು ನನಗೆ ಯಾವತ್ತೂ ಸರಿ ಅನ್ನಿಸಿಲ್ಲ.

ಒಂದು ಪೂರ್ತಿ ಪಿರಿಯಡ್: ದಾರ ಮತ್ತು ನಟ್ಟು

ಲೋಲಕದ ಪಾಠ ಇದು. ನಲವತ್ತು ಮಕ್ಕಳು, ನಲವತ್ತು ನಿಮಿಷ, ಒಂದೇ ಗಡಿಯಾರ ಅಂತ ಇಟ್ಟುಕೊಳ್ಳೋಣ.

1. ಐದೈದು ಮಕ್ಕಳ ಎಂಟು ಗುಂಪು. ಕವರ್ ಹಂಚಿ. ಪ್ರತಿ ಕವರ್‌ನಲ್ಲಿ ಒಂದೂಕಾಲು ಮೀಟರ್ ದಾರ, ಎರಡು ನಟ್ಟು.

2. ದಾರದ ತುದಿಗೆ ಒಂದು ನಟ್ಟು ಕಟ್ಟಿ. ದಾರವನ್ನು ಪೆನ್ಸಿಲ್ಲಿಗೆ ಸುತ್ತಿ, ಪೆನ್ಸಿಲ್ಲನ್ನು ಡೆಸ್ಕಿನ ಅಂಚಿಗೆ ಇಟ್ಟು, ಮೇಲೆ ಎರಡು ದಪ್ಪ ಪುಸ್ತಕ ಹೇರಿ. ಕೈಯಲ್ಲಿ ಹಿಡಿದರೆ ಕೈಯೂ ತೂಗುತ್ತದೆ, ಲೆಕ್ಕ ಕೆಡುತ್ತದೆ. ಪೆನ್ಸಿಲ್ಲಿನಿಂದ ನಟ್ಟಿನ ನಡುವಿನವರೆಗೆ 50 ಸೆಂಟಿಮೀಟರ್ ಇರಲಿ.

3. ಊಹೆ: ಇನ್ನೊಂದು ನಟ್ಟು ಸೇರಿಸಿ ಭಾರ ಎರಡು ಪಟ್ಟು ಮಾಡಿದರೆ, ತೂಗಾಟ ಬೇಗ ಆಗುತ್ತದಾ, ನಿಧಾನ ಆಗುತ್ತದಾ, ಅಷ್ಟೇ ಇರುತ್ತದಾ? ಬರೆಸಿ.

4. ಗುಂಪಿಗೊಂದು ಗಡಿಯಾರ ಬೇಕಿಲ್ಲ. ನೀವು ‘ಶುರು’ ಅನ್ನಿ, 30 ಸೆಕೆಂಡ್ ಆದ ಮೇಲೆ ‘ನಿಲ್ಲಿ’ ಅನ್ನಿ. ಅಷ್ಟರಲ್ಲಿ ಎಷ್ಟು ಸಲ ಹೋಗಿ ಬಂತು ಅಂತ ಎಂಟು ಗುಂಪೂ ಎಣಿಸಲಿ. ನಟ್ಟನ್ನು ಒಂದು ಗೇಣಿಗಿಂತ ಜಾಸ್ತಿ ಎಳೆಯಬಾರದು.

5. ಎಂಟು ಗುಂಪಿನ ಲೆಕ್ಕವನ್ನೂ ಬೋರ್ಡಿನ ಮೇಲೆ ಬರೆಯಿರಿ. 21ರ ಹತ್ತಿರ ಬರಬೇಕು.

ಬರುವುದಿಲ್ಲ. ಮೊದಲ ಸಲ ಎರಡು ಮೂರು ಗುಂಪಿನವರು 22 ಅನ್ನುತ್ತಾರೆ. ಯಾರೋ ಒಬ್ಬರು 42 ಅನ್ನುತ್ತಾರೆ. 42 ಅಂದವರು ಹೋದದ್ದು ಒಂದು, ಬಂದದ್ದು ಒಂದು ಅಂತ ಎಣಿಸಿರುತ್ತಾರೆ. 22 ಅಂದವರ ತಪ್ಪು ಹಿಡಿಯಲು ಅವರ ಬಾಯಿ ಗಮನಿಸಬೇಕು. ನಟ್ಟು ಬಿಡುತ್ತಲೇ ‘ಒಂದು’ ಅಂದಿರುತ್ತಾರೆ. ಬಿಡುವಾಗ ಇನ್ನೂ ಒಂದೂ ಆಗಿಲ್ಲ ಅಲ್ವಾ? ಬಿಡುವಾಗ ‘ಸೊನ್ನೆ’ ಅನ್ನಬೇಕು. ಈ ತಪ್ಪನ್ನು ನೀವಾಗಿ ಹೇಳಬೇಡಿ. ‘ನಾಲ್ಕನೇ ಗುಂಪಿಗೆ 21, ಐದನೇ ಗುಂಪಿಗೆ 22. ಇಬ್ಬರೂ ಎದುರುಬದುರು ನಿಂತು ಎಣಿಸಿ ತೋರಿಸಿ’ ಅಂತ ಬಿಡಿ. ಎರಡು ನಿಮಿಷದಲ್ಲಿ ಅವರೇ ಕಂಡುಹಿಡಿಯುತ್ತಾರೆ. ಅಳತೆಯ ಪಾಠ ಅಲ್ಲೇ ಆಗಿಹೋಗುತ್ತದೆ.

6. ಈಗ ಎರಡನೇ ನಟ್ಟು. ಇಲ್ಲೊಂದು ಬಲೆ ಇದೆ. ಮಕ್ಕಳು ಎರಡನೇ ನಟ್ಟನ್ನು ಮೊದಲನೆಯದರ ಕೆಳಗೆ ತೂಗುಹಾಕುತ್ತಾರೆ. ಆಗ ಭಾರದ ಜೊತೆ ಉದ್ದವೂ ಬದಲಾಗುತ್ತದೆ, ಲೆಕ್ಕ ಒಂದಿಷ್ಟು ಕಡಿಮೆ ಬರುತ್ತದೆ. ‘ಭಾರ ಜಾಸ್ತಿ ಆದ್ರೆ ನಿಧಾನ ಸಾರ್’ ಅಂತ ಘೋಷಣೆಯೂ ಆಗುತ್ತದೆ. ಎರಡೂ ನಟ್ಟು ಒಂದೇ ಗಂಟಿನಲ್ಲಿ ಅಕ್ಕಪಕ್ಕ ಇದ್ದ ಗುಂಪಿಗೆ ಮತ್ತೆ 21 ಬಂದಿರುತ್ತದೆ. ಎರಡನ್ನೂ ಪಕ್ಕಪಕ್ಕ ಹಿಡಿದು ತೋರಿಸಿ, ಏನು ಬೇರೆ ಇದೆ ಅಂತ ಕೇಳಿ.

7. ಕೊನೆಗೆ ಉದ್ದ ಬದಲಿಸಿ. 25 ಸೆಂಟಿಮೀಟರ್ ಮಾಡಿದರೆ 30 ಸೆಕೆಂಡಿಗೆ ಸರಿಯಾಗಿ 30 ತೂಗಾಟ. ಒಂದು ಮೀಟರ್ ಮಾಡಿದರೆ 15. ಒಂದು ಮೀಟರ್ ದಾರ ಡೆಸ್ಕಿಗೆ ಕಟ್ಟಿದರೆ ನೆಲಕ್ಕೆ ತಾಗುತ್ತದೆ, ಅದಕ್ಕೆ ಕಿಟಕಿಯ ಸರಳೇ ಸರಿ.

ಉದ್ದ ನಾಲ್ಕು ಪಟ್ಟು ಆದರೆ ಒಂದು ತೂಗಾಟದ ಸಮಯ ಎರಡು ಪಟ್ಟು. ಸೂತ್ರ ಬರೆಯುವ ಮೊದಲೇ ಇದು ಬೋರ್ಡಿನ ಮೇಲೆ ಇರುತ್ತದೆ. ಉತ್ತರ ಕರ್ನಾಟಕದ ಕಡೆಯವರಾದರೆ ಮನೆಗೆಲಸಕ್ಕೆ ಪಂಚಮಿ ಜೋಕಾಲಿ ಕೊಡಿ. ನಾಲ್ಕು ಮೀಟರ್ ಹಗ್ಗದ ಜೋಕಾಲಿ ಒಮ್ಮೆ ಹೋಗಿ ಬರಲು ಎಷ್ಟು ಹೊತ್ತು? ಅಜ್ಜಿ ಕೂತರೆ ಎಷ್ಟು, ಮೊಮ್ಮಗಳು ಕೂತರೆ ಎಷ್ಟು? ಎರಡಕ್ಕೂ ಹೆಚ್ಚುಕಡಿಮೆ ನಾಲ್ಕು ಸೆಕೆಂಡ್. ನಿಂತು ಜೀಕಿದರೆ ಯಾಕೆ ಸ್ವಲ್ಪ ಬೇಗ ಅನ್ನುವುದು ಹತ್ತನೇ ಕ್ಲಾಸಿನವರಿಗೆ ಒಳ್ಳೆಯ ಪ್ರಶ್ನೆ.

ಅರಿಶಿನ, ಸುಣ್ಣ, ಸೀಗೆಕಾಯಿ

ಆಮ್ಲ–ಪ್ರತ್ಯಾಮ್ಲ ಪಾಠಕ್ಕೆ ಲಿಟ್ಮಸ್ ಇಲ್ಲ ಅಂತ ಕೊರಗುವವರು ಮನೆಯ ಆರತಿ ತಟ್ಟೆ ನೋಡಬೇಕು. ಅರಿಶಿನದ ನೀರಿಗೆ ಒಂದು ಚಿಟಿಕೆ ಸುಣ್ಣ ಬಿದ್ದರೆ ಕೆಂಪು ಓಕುಳಿ. ಮಕ್ಕಳೆಲ್ಲ ನೋಡಿರುತ್ತಾರೆ, ಯಾಕೆ ಅಂತ ಕೇಳಿರುವುದಿಲ್ಲ.

ಅರಿಶಿನವನ್ನು ನೀರಿನಲ್ಲಿ ಗಟ್ಟಿಯಾಗಿ ಕಲಸಿ, ಬಿಳಿ ಕಾಗದಕ್ಕೆ ಸವರಿ ಒಣಗಿಸಿ. ಪಟ್ಟಿ ಕತ್ತರಿಸಿದರೆ ಸೂಚಕ ಕಾಗದ ರೆಡಿ. ಒಂದು ಹಾಳೆಯಿಂದ ಇಡೀ ಕ್ಲಾಸಿಗೆ ಆಗುತ್ತದೆ. ಈಗ ಲೋಟಗಳಲ್ಲಿ ಸೋಪಿನ ನೀರು, ಅಡುಗೆ ಸೋಡಾ, ಸುಣ್ಣದ ತಿಳಿ, ಬೂದಿ ನೀರು, ಹುಣಸೆ ರಸ, ನಿಂಬೆ ರಸ, ಮಜ್ಜಿಗೆಯ ತಿಳಿ, ಸುಮ್ನೆ ಕುಡಿಯುವ ನೀರು. ಮೊದಲ ನಾಲ್ಕರಲ್ಲಿ ಪಟ್ಟಿ ಕೆಂಪಾಗುತ್ತದೆ. ಉಳಿದದ್ದರಲ್ಲಿ ಹಳದಿ ಹಳದಿಯಾಗಿಯೇ ಉಳಿಯುತ್ತದೆ.

ಇಲ್ಲಿ ನಿಲ್ಲಿಸಿ ಕೇಳಿ: ‘ಹಾಗಾದರೆ ಕುಡಿಯುವ ನೀರೂ ಆಮ್ಲವೇ?’ ಕ್ಲಾಸು ಗೊಂದಲಕ್ಕೆ ಬೀಳಬೇಕು. ಅರಿಶಿನ ಪ್ರತ್ಯಾಮ್ಲವನ್ನು ಮಾತ್ರ ಹಿಡಿಯುತ್ತದೆ. ಆಮ್ಲಕ್ಕೂ ನೀರಿಗೂ ಅದು ವ್ಯತ್ಯಾಸ ಮಾಡುವುದಿಲ್ಲ. ಹಾಗಾಗಿ ಇನ್ನೊಂದು ಸಾಕ್ಷಿ ಬೇಕು. ಅದು ಕಾಂಪೌಂಡ್ ಪಕ್ಕದಲ್ಲೇ ಇರುತ್ತದೆ, ಕೆಂಪು ದಾಸವಾಳ.

ಏಳೆಂಟು ಹೂವಿನ ಎಸಳನ್ನು ಬಿಸಿನೀರಿನಲ್ಲಿ ಹತ್ತು ನಿಮಿಷ ನೆನೆಸಿ ಸೋಸಿ. ನಿಂಬೆ ರಸ ಬಿದ್ದರೆ ಗುಲಾಬಿ ಕೆಂಪು, ಸೋಡಾ ಬಿದ್ದರೆ ಹಸಿರು. ನಿಮ್ಮೂರಿನ ಬೋರ್‌ವೆಲ್ ನೀರು ಗಡುಸಾದರೆ ಸೋಸುವಾಗಲೇ ಬಣ್ಣ ನೀಲಿ ಕಡೆ ವಾಲಿರುತ್ತದೆ, ಅದಕ್ಕೆ ಮಳೆನೀರು ಅಥವಾ ಫಿಲ್ಟರ್ ನೀರು ಬಳಸಿ. ರಸ ಮರುದಿನಕ್ಕೆ ಕೆಡುತ್ತದೆ, ಅವತ್ತಿನದು ಅವತ್ತೇ. ಬಿಸಿನೀರು ಸಿಗದಿದ್ದರೆ ಎಸಳನ್ನು ಕಾಗದಕ್ಕೆ ಉಜ್ಜಿದರೂ ನಡೆಯುತ್ತದೆ. ನೀಲಿ ಶಂಖಪುಷ್ಪ ಇದ್ದರೆ ಇನ್ನೂ ಚೆನ್ನ.

ಈಗ ನನ್ನ ಮೆಚ್ಚಿನ ಭಾಗ. ಸೀಗೆಕಾಯಿ ನೀರು, ಅಂಟುವಾಳದ ನೀರು ತನ್ನಿ. ಕುಲುಕಿ ನೊರೆ ತೋರಿಸಿ. ಊಹೆ ಬರೆಸಿ. ಎಲ್ಲರೂ ‘ಕೆಂಪಾಗುತ್ತೆ’ ಅಂತಲೇ ಬರೆಯುತ್ತಾರೆ, ಸೋಪಿನ ಹಾಗೆ ನೊರೆ ಬರುತ್ತದಲ್ಲ. ಪಟ್ಟಿ ಅದ್ದಿದರೆ ಹಳದಿ ಕದಲುವುದೇ ಇಲ್ಲ. ಎರಡೂ ಸ್ವಲ್ಪ ಆಮ್ಲದ ಗುಣದವು. ಸೋಪು ಪ್ರತ್ಯಾಮ್ಲ ಹೌದು, ಆದರೆ ನೊರೆ ಬರುವುದು ಪ್ರತ್ಯಾಮ್ಲ ಆಗಿರುವುದರಿಂದ ಅಲ್ಲ. ಒಂದು ವರ್ಷ ಒಬ್ಬ ಹುಡುಗಿ ಇದನ್ನು ನಂಬಲೇ ಇಲ್ಲ. ಮನೆಯಿಂದ ಬೇರೆ ಸೀಗೆಕಾಯಿ ಪುಡಿ ತಂದು ಮತ್ತೆ ಮಾಡಿದಳು. ಅದೇ ಬಂತು. ಅವಳ ನೋಟ್‌ಬುಕ್‌ನಲ್ಲಿ ಮೂರನೇ ಸಾಲು ಹೀಗಿತ್ತು: ‘ನಮ್ಮ ಅಮ್ಮನಿಗೂ ಗೊತ್ತಿರಲಿಲ್ಲ.’

ಒಂದು ನಿಯಮವನ್ನು ಬೋರ್ಡಿನ ಮೇಲೆ ಬರೆದೇ ಶುರು ಮಾಡಿ: ಲೋಟದಲ್ಲಿರುವುದು ಏನೇ ಇರಲಿ, ನಾಲಿಗೆಗೆ ಮುಟ್ಟಿಸುವಂತಿಲ್ಲ. ಮಜ್ಜಿಗೆಯಾದರೂ ಸರಿ.

ನಾನೇ ತಪ್ಪು ಹೇಳಿಕೊಟ್ಟ ಪ್ರಯೋಗ

ತಟ್ಟೆಯಲ್ಲಿ ನೀರು. ನಡುವೆ ಉರಿಯುವ ಮೇಣದಬತ್ತಿ. ಮೇಲೆ ಗಾಜಿನ ಲೋಟ ಕವುಚಿ. ಬತ್ತಿ ಆರುತ್ತದೆ, ನೀರು ಲೋಟದೊಳಗೆ ಏರುತ್ತದೆ. ‘ಗಾಳಿಯಲ್ಲಿ ಐದರಲ್ಲಿ ಒಂದು ಭಾಗ ಆಮ್ಲಜನಕ, ಅದು ಉರಿದು ಖಾಲಿಯಾಯಿತು, ಆ ಜಾಗಕ್ಕೆ ನೀರು ಬಂತು’ ಅಂತ ನಾನು ವರ್ಷಗಟ್ಟಲೆ ಹೇಳಿದ್ದೇನೆ. ನನಗೂ ನನ್ನ ಮೇಷ್ಟ್ರು ಹಾಗೇ ಹೇಳಿದ್ದರು.

ಒಂದು ದಿನ ಹಿಂದಿನ ಬೆಂಚಿನಿಂದ ಪ್ರಶ್ನೆ ಬಂತು: ‘ಸಾರ್, ಎರಡು ಬತ್ತಿ ಇಟ್ರೆ?’ ಲೋಟ ಅದೇ, ಒಳಗಿನ ಆಮ್ಲಜನಕವೂ ಅಷ್ಟೇ. ನನ್ನ ವಿವರಣೆ ನಿಜವಾದರೆ ನೀರು ಅಷ್ಟೇ ಏರಬೇಕು. ಇಟ್ಟು ನೋಡಿದೆವು. ಜಾಸ್ತಿ ಏರಿತು. ಮೂರು ಇಟ್ಟೆವು. ಇನ್ನೂ ಜಾಸ್ತಿ. ನಾನು ಗಡಿಯಾರ ನೋಡಿ ‘ನಾಳೆ ಹೇಳ್ತೀನಿ’ ಅಂದೆ.

ಆ ರಾತ್ರಿ ಮನೆಯಲ್ಲಿ ನಾಲ್ಕೈದು ಸಲ ಮಾಡಿದೆ. ಹತ್ತಿರದಿಂದ ನೋಡಿದರೆ ಎರಡು ಸಂಗತಿ ಕಾಣುತ್ತವೆ. ಒಂದು, ಲೋಟ ಕವುಚುವಾಗ ಅಂಚಿನಿಂದ ಗುಳ್ಳೆ ಹೊರಗೆ ಹೋಗುತ್ತವೆ. ಎರಡು, ಬತ್ತಿ ಉರಿಯುವಾಗ ನೀರು ಹೆಚ್ಚೇನೂ ಏರುವುದಿಲ್ಲ, ಆರಿದ ಮೇಲೆ ಗಬಕ್ಕನೆ ಏರುತ್ತದೆ. ಜ್ವಾಲೆಯ ಬಿಸಿಗೆ ಗಾಳಿ ಹಿಗ್ಗಿ ಹೊರಹೋಗಿರುತ್ತದೆ. ಬತ್ತಿ ಆರಿದಾಗ ಉಳಿದ ಗಾಳಿ ತಣಿದು ಕುಗ್ಗುತ್ತದೆ, ಒಳಗಿನ ನೀರಾವಿಯೂ ಹನಿಯಾಗುತ್ತದೆ. ಹೊರಗಿನ ಗಾಳಿಯ ಒತ್ತಡ ನೀರನ್ನು ಒಳಗೆ ತಳ್ಳುತ್ತದೆ. ಆಮ್ಲಜನಕವೇನೋ ಖರ್ಚಾಗುತ್ತದೆ, ಆದರೆ ಪೂರ್ತಿ ಅಲ್ಲ. ಅರ್ಧಕ್ಕಿಂತ ಜಾಸ್ತಿ ಉಳಿದಿರುವಾಗಲೇ ಬತ್ತಿ ಆರಿರುತ್ತದೆ. ಉರಿದ ಭಾಗಕ್ಕೆ ಬದಲಾಗಿ ಇಂಗಾಲದ ಡೈಆಕ್ಸೈಡ್ ಬಂದು ಕೂತಿರುತ್ತದೆ.

ಮರುದಿನ ಕ್ಲಾಸಿನಲ್ಲಿ ‘ನಾನು ಹೇಳಿದ್ದು ತಪ್ಪು’ ಅಂದೆ. ಆಕಾಶವೇನೂ ಬೀಳಲಿಲ್ಲ. ಆಮೇಲಿಂದ ಈ ಪಾಠವನ್ನು ನಾನು ಹೀಗೇ ಮಾಡುತ್ತೇನೆ: ಹಳೆಯ ವಿವರಣೆಯನ್ನೇ ಮೊದಲು ಬೋರ್ಡಿನ ಮೇಲೆ ಬರೆದು, ‘ಇದು ಸುಳ್ಳು ಅಂತ ತೋರಿಸಿ’ ಅನ್ನುತ್ತೇನೆ. ಬತ್ತಿ ಮೂರು, ಲೋಟ ಒಂದು. ಉಳಿದದ್ದು ಅವರದು.

ಐದರಲ್ಲಿ ಒಂದು ಭಾಗವನ್ನು ನಿಜವಾಗಿ ತೋರಿಸಬೇಕಾ? ತುಕ್ಕು ಹಿಡಿಸಿ. ಲೇತ್ ಕೆಲಸ ಮಾಡುವವರ ಹತ್ತಿರ ಕಬ್ಬಿಣದ ಪುಡಿ ಕೇಳಿ ತನ್ನಿ. ಎಣ್ಣೆ ಜಿಡ್ಡು ಹೋಗುವ ಹಾಗೆ ಸೋಪಿನಲ್ಲಿ, ಆಮೇಲೆ ವಿನೆಗರ್‌ನಲ್ಲಿ ತೊಳೆಯಿರಿ. ಉದ್ದನೆಯ ಲೋಟದ ಒಳಗೋಡೆ ಒದ್ದೆ ಮಾಡಿ ಪುಡಿ ಅಂಟಿಸಿ, ನೀರಿನ ತಟ್ಟೆಯಲ್ಲಿ ಕವುಚಿಡಿ. ಒಂದೆರಡು ದಿನದಲ್ಲಿ ನೀರು ಸುಮಾರು ಐದನೇ ಒಂದು ಭಾಗ ಏರಿ ನಿಲ್ಲುತ್ತದೆ. ಪಾತ್ರೆ ಉಜ್ಜುವ ಸ್ಟೀಲ್ ನಾರು ಹಾಕಬೇಡಿ. ಅದು ಸಾಮಾನ್ಯವಾಗಿ ತುಕ್ಕು ಹಿಡಿಯದ ಸ್ಟೀಲು, ವಾರ ಕಾದರೂ ನೀರು ಅಲ್ಲೇ ಇರುತ್ತದೆ. ನಾನು ಕಾದಿದ್ದೇನೆ.

ಅಂಗಳದಲ್ಲಿ ಒಂದು ಕೋಲು

ಒಂದು ಮೀಟರ್ ಕೋಲು ನೆಡಿ. ನೇರ ಇದೆಯಾ ಅಂತ ದಾರಕ್ಕೆ ನಟ್ಟು ಕಟ್ಟಿ ಪಕ್ಕದಲ್ಲಿ ಹಿಡಿದು ನೋಡಿ. ಹನ್ನೊಂದೂವರೆಯಿಂದ ಒಂದೂಕಾಲರವರೆಗೆ ಹತ್ತು ನಿಮಿಷಕ್ಕೊಮ್ಮೆ ನೆರಳಿನ ತುದಿಗೆ ಒಂದು ಹುಣಸೆ ಬೀಜ ಇಡಬೇಕು. ಪಾಳಿಯ ಮೇಲೆ ಇಬ್ಬಿಬ್ಬರು ಹೋಗಿ ಬರಲಿ, ಪಾಠ ನಿಲ್ಲಿಸಬೇಕಿಲ್ಲ.

ಊಹೆ ಕೇಳಿದರೆ ಬಹುತೇಕ ಎಲ್ಲರೂ ಎರಡು ಸಂಗತಿ ಬರೆಯುತ್ತಾರೆ: ಸರಿಯಾಗಿ ಹನ್ನೆರಡಕ್ಕೆ ನೆರಳು ಅತಿ ಚಿಕ್ಕದು, ಆಗ ನೆರಳೇ ಇರುವುದಿಲ್ಲ. ಎರಡೂ ತಪ್ಪು. ಭಾರತದ ಗಡಿಯಾರ 82.5 ಡಿಗ್ರಿ ಪೂರ್ವ ರೇಖಾಂಶಕ್ಕೆ ಹೊಂದಿಸಿದ್ದು. ಬೆಂಗಳೂರು ಅದಕ್ಕಿಂತ ಸುಮಾರು 5 ಡಿಗ್ರಿ ಪಶ್ಚಿಮಕ್ಕಿದೆ. ಡಿಗ್ರಿಗೆ 4 ನಿಮಿಷದಂತೆ ಸೂರ್ಯ ನೆತ್ತಿಗೆ ಬರುವುದು ಸುಮಾರು 20 ನಿಮಿಷ ತಡ. ಕಾರವಾರದ ಕಡೆ ಇನ್ನೂ ತಡ. ತಿಂಗಳಿಂದ ತಿಂಗಳಿಗೂ ಇದು ಕೆಲವು ನಿಮಿಷ ಆಚೀಚೆ ಆಗುತ್ತದೆ. ಅತಿ ಚಿಕ್ಕ ನೆರಳಿನ ಬೀಜದಿಂದ ಕೋಲಿನ ಬುಡಕ್ಕೆ ಗೆರೆ ಎಳೆದರೆ ಅದೇ ಉತ್ತರ–ದಕ್ಷಿಣ.

ನೆರಳೇ ಇಲ್ಲದ ದಿನ ವರ್ಷಕ್ಕೆ ಎರಡೇ. ಬೆಂಗಳೂರಿನಲ್ಲಿ ಏಪ್ರಿಲ್ 24ರ ಆಸುಪಾಸು ಒಂದು, ಆಗಸ್ಟ್ 18ರ ಆಸುಪಾಸು ಇನ್ನೊಂದು. ಏಪ್ರಿಲ್‌ನಲ್ಲಿ ಬೇಸಿಗೆ ರಜೆ, ಆಗಸ್ಟ್‌ನಲ್ಲಿ ಮೋಡ. ನಮ್ಮ ಹಣೆಬರಹ! ಉತ್ತರಕ್ಕೆ ಹೋದಷ್ಟೂ ಆಗಸ್ಟ್‌ನ ದಿನ ಮುಂಚೆ ಬರುತ್ತದೆ, ಬೀದರ್ ಕಡೆ ತಿಂಗಳ ಮೊದಲ ವಾರದೊಳಗೇ. ಮೋಡ ಸರಿದರೆ ಕೋಲಿನ ಬದಲು ಒಂದು ಲೋಟ ಕವುಚಿಡಿ, ನೆರಳು ಸುತ್ತ ಎಲ್ಲೂ ಕಾಣುವುದಿಲ್ಲ.

ಈ ಕೋಲನ್ನು ಕೀಳಬೇಡಿ. ತಿಂಗಳಿಗೊಮ್ಮೆ ಮಧ್ಯಾಹ್ನದ ನೆರಳು ಅಳೆದು ಗೋಡೆಯ ಮೇಲೆ ಬರೆಯುತ್ತಾ ಹೋಗಿ. ಬೆಂಗಳೂರಿನ ಅಕ್ಷಾಂಶದಲ್ಲಿ ಡಿಸೆಂಬರ್ 22ರ ಹೊತ್ತಿಗೆ ಒಂದು ಮೀಟರ್ ಕೋಲಿಗೆ ಸುಮಾರು 74 ಸೆಂಟಿಮೀಟರ್ ನೆರಳು, ಉತ್ತರಕ್ಕೆ. ಜೂನ್ 21ರ ಹೊತ್ತಿಗೆ ಬರೀ 18 ಸೆಂಟಿಮೀಟರ್, ಅದೂ ದಕ್ಷಿಣಕ್ಕೆ. ಉತ್ತರಾಯಣ, ದಕ್ಷಿಣಾಯನ ಅಂತ ಕ್ಯಾಲೆಂಡರ್‌ನಲ್ಲಿ ಓದಿದ ಮಕ್ಕಳಿಗೆ ಅದು ಅಂಗಳದ ಮಣ್ಣಿನಲ್ಲಿ ಕಾಣುತ್ತದೆ. ಸೂರ್ಯನನ್ನು ನೇರ ನೋಡಬಾರದು ಅಂತ ಪ್ರತಿ ಸಲವೂ ಹೇಳಿ.

ಗುಂಪು, ಗಲಾಟೆ, ಎಚ್ಚರಿಕೆ

ಗುಂಪು ಮಾಡಿ ಬಿಟ್ಟುಬಿಟ್ಟರೆ ಏನಾಗುತ್ತದೆ ಅಂತ ನನಗೆ ಗೊತ್ತು. ಒಬ್ಬ ಹುಡುಗ ಸಾಮಾನು ಕಿತ್ತುಕೊಳ್ಳುತ್ತಾನೆ, ‘ನಿನ್ನ ಅಕ್ಷರ ಚೆನ್ನಾಗಿದೆ’ ಅಂತ ಹುಡುಗಿಯ ಕೈಗೆ ನೋಟ್‌ಬುಕ್ ಕೊಡುತ್ತಾರೆ, ಉಳಿದವರು ಕಿಟಕಿ ನೋಡುತ್ತಾರೆ. ಕೆಲಸ ಹಂಚಿ: ಮಾಡುವವರು, ಎಣಿಸುವವರು, ಬರೆಯುವವರು, ಕ್ಲಾಸಿಗೆ ಹೇಳುವವರು, ಸಾಮಾನು ತಂದು ಒಪ್ಪಿಸುವವರು. ಪ್ರತಿ ವಾರ ಒಂದು ಜಾಗ ಸರಿಯಬೇಕು. ಐದು ವಾರದಲ್ಲಿ ಎಲ್ಲರ ಕೈಗೂ ಎಲ್ಲ ಕೆಲಸ.

ಗಲಾಟೆ ಆಗುತ್ತದೆ. ಪಕ್ಕದ ಕ್ಲಾಸಿನವರಿಗೆ ಮೊದಲೇ ಹೇಳಿಬಿಡಿ.

ಬೆಂಕಿ ಇರುವ ದಿನ ಜಡೆ ಹಿಂದೆ, ದುಪಟ್ಟಾ ಗಂಟು ಹಾಕಿರಬೇಕು, ಒಂದು ಬಕೆಟ್ ಮರಳು ಪಕ್ಕದಲ್ಲಿರಬೇಕು. ಸುಣ್ಣ ಕಣ್ಣಿಗೆ ಬಿದ್ದರೆ ಉಜ್ಜಬಾರದು. ತಕ್ಷಣ ಕಾಲು ಗಂಟೆಯಾದರೂ ಬಿಡದೆ ನೀರು ಹಾಯಿಸಿ, ಆಮೇಲೆ ಡಾಕ್ಟರ ಹತ್ತಿರ ಓಡಿ. ಸುಟ್ಟ ಸುಣ್ಣ ಅರಳಿಸುವ ಕೆಲಸ ಮಕ್ಕಳ ಕೈಗೆ ಬೇಡವೇ ಬೇಡ. ವಿದ್ಯುತ್ ಪ್ರಯೋಗಕ್ಕೆ ಟಾರ್ಚ್ ಸೆಲ್ಲು ಮಾತ್ರ. ಗೋಡೆಯ ಪ್ಲಗ್ಗಿನ ಹತ್ತಿರ ಹೋದವರಿಗೆ ಅವತ್ತು ಚಟುವಟಿಕೆ ಇಲ್ಲ.

ಪರೀಕ್ಷೆಯಲ್ಲಿ ಏನು ಕೇಳುವುದು?

‘ಇದೆಲ್ಲ ಮಾಡಿಸಿದ್ರೆ ಪೋರ್ಷನ್ ಮುಗಿಯುತ್ತಾ?’ ಪ್ರತಿ ತರಬೇತಿಯಲ್ಲೂ ಬರುವ ಪ್ರಶ್ನೆ. ಎಲ್ಲ ಪಾಠಕ್ಕೂ ಮಾಡಿಸಲು ಆಗುವುದಿಲ್ಲ. ನಾನು ವಾರಕ್ಕೆ ಒಂದು ಪಿರಿಯಡ್ ಇಟ್ಟುಕೊಂಡಿದ್ದೇನೆ. ಆದರೆ ಪ್ರಶ್ನೆಪತ್ರಿಕೆ ಬದಲಾಗದಿದ್ದರೆ ಮಕ್ಕಳು ಇದನ್ನು ಆಟದ ಪಿರಿಯಡ್ ಅಂದುಕೊಳ್ಳುತ್ತಾರೆ.

ಮಧ್ಯಪ್ರದೇಶದ ಹೋಶಂಗಾಬಾದ್ ಜಿಲ್ಲೆಯಲ್ಲಿ 1972ರಲ್ಲಿ 16 ಶಾಲೆಗಳಲ್ಲಿ ಶುರುವಾದ ವಿಜ್ಞಾನ ಕಾರ್ಯಕ್ರಮ 2002ರವರೆಗೆ ನಡೆಯಿತು. ಅಲ್ಲಿ ಮಕ್ಕಳು ಪ್ರಯೋಗ ಮಾಡಿಯೇ ಕಲಿಯುತ್ತಿದ್ದರು, ಪರೀಕ್ಷೆಗೆ ಪುಸ್ತಕ ಒಯ್ಯಬಹುದಿತ್ತು. ಕಸದಿಂದ ಆಟಿಕೆ ಮಾಡುವ ಅರವಿಂದ ಗುಪ್ತಾ ಅವರ ಕೈಯಲ್ಲಿ ಬೆಂಕಿಕಡ್ಡಿ, ಸೈಕಲ್ ವಾಲ್ವ್ ಟ್ಯೂಬುಗಳು ಆಕಾರಗಳಾದದ್ದೂ ಅಲ್ಲೇ. ಅಷ್ಟು ದೊಡ್ಡ ಬದಲಾವಣೆ ನಮ್ಮ ಕೈಯಲ್ಲಿಲ್ಲ. ಕಿರುಪರೀಕ್ಷೆ ನಮ್ಮ ಕೈಯಲ್ಲಿದೆ. ‘ಲೋಲಕದ ವ್ಯಾಖ್ಯೆ ಬರೆಯಿರಿ’ ಬದಲು ಹೀಗೆ ಕೇಳಿ: ಒಂದು ಗುಂಪಿಗೆ 30 ಸೆಕೆಂಡಿಗೆ 21 ತೂಗಾಟ ಬಂತು, ಇನ್ನೊಂದಕ್ಕೆ 42. ದಾರದ ಉದ್ದ ಒಂದೇ. ತಪ್ಪು ಎಲ್ಲಾಗಿರಬಹುದು? ಪುಸ್ತಕ ತೆರೆದಿಟ್ಟುಕೊಂಡರೂ ಕಾಪಿ ಹೊಡೆಯಲು ಆಗುವುದಿಲ್ಲ.

ಸೋಮವಾರವೇ ಶುರು ಮಾಡುವುದಾದರೆ

ಸಿರಿಂಜಿನಿಂದ ಶುರು ಮಾಡಿ. ಬೆಂಕಿ ಇಲ್ಲ, ಒಡೆಯುವುದಿಲ್ಲ, ಹದಿನೈದು ನಿಮಿಷ ಸಾಕು. ಸಿರಿಂಜಿನ ದಂಡವನ್ನು 10ರ ಗೆರೆಯವರೆಗೆ ಎಳೆದು, ಮೂತಿಯನ್ನು ಹೆಬ್ಬೆರಳಿನಿಂದ ಗಟ್ಟಿಯಾಗಿ ಮುಚ್ಚಿ ಒತ್ತಬೇಕು. ಎಷ್ಟು ದೂರ ಹೋಗುತ್ತದೆ? ಬಿಟ್ಟರೆ ಏನಾಗುತ್ತದೆ? ಊಹೆ ಬರೆದ ಮೇಲೆ ಒತ್ತಲಿ. ಒಳಗಿನ ಗಾಳಿ ಕುಗ್ಗುತ್ತದೆ, ಬಿಟ್ಟರೆ ದಂಡ ಚಿಮ್ಮಿ ಹಿಂದೆ ಬರುತ್ತದೆ. ಹೆಬ್ಬೆರಳಿಗೆ ಒತ್ತಡ ಗೊತ್ತಾಗುತ್ತದೆ.

ಈಗ ಗುಳ್ಳೆ ಇಲ್ಲದ ಹಾಗೆ ನೀರು ತುಂಬಿಸಿ ಅದನ್ನೇ ಮಾಡಿಸಿ. ನೀರು ಗಾಳಿಗಿಂತ ‘ಮೆತ್ತಗೆ’ ಅಂತ ಬರೆದವರು ಎಷ್ಟು ಒತ್ತಿದರೂ ದಂಡ ಅಲ್ಲಾಡುವುದಿಲ್ಲ. ಕ್ಲಾಸಿನ ಅತಿ ಗಟ್ಟಿ ಹುಡುಗನನ್ನು ಕರೆಯಿರಿ. ಅವನ ಕೈಲೂ ಆಗುವುದಿಲ್ಲ, ಹೆಬ್ಬೆರಳು ಜಾರಿ ಪಕ್ಕದವರ ಮುಖಕ್ಕೆ ನೀರು ಚಿಮ್ಮುತ್ತದೆ. ನಗು ನಿಲ್ಲುವವರೆಗೆ ಕಾಯಿರಿ.

ಅಷ್ಟರಲ್ಲಿ ಯಾವುದೋ ಒಂದು ಗುಂಪು, ನೀವು ಹೇಳದೆಯೇ, ಸಿರಿಂಜಿನಲ್ಲಿ ಅರ್ಧ ನೀರು ಅರ್ಧ ಗಾಳಿ ತುಂಬಿಸಿಕೊಂಡು ಒತ್ತುತ್ತಾ ಕೂತಿರುತ್ತದೆ. ಅವರ ಹತ್ತಿರ ಹೋಗಿ, ಸುಮ್ನೆ ನಿಂತು ನೋಡಿ.